ಡ್ಯುಓಮೊ ಚೌಕದ ಚಿತ್ರಶಾಲೆ: ಮಿಲಾನ್ ನಗರ ಮತ್ತು ಇಪ್ಪತ್ತನೆಯ ಶತಮಾನದ ಇಟಲಿಯ ಕಲೆ

ಉತ್ತರ ಇಟಲಿಯ ಮಿಲಾನ್ ನಗರದ ನಡುವೆ, ಡ್ಯುಓಮೊ ಎಂದು ಹೆಸರಾದ ಮಹಾ ಇಗರ್ಜಿಯ ಮುಂದಣ ಚೌಕದ ದಕ್ಷಿಣ ಅಂಚಿನಲ್ಲಿ, ಅವಳಿ ಮಕ್ಕಳಂತೆ ಕಾಣುವ ಎರಡು ಅಮೃತಶಿಲೆಯ ಕಟ್ಟಡಗಳು ಎದುರುಬದುರಾಗಿ ನಿಂತಿವೆ. ಇವುಗಳಿಗೆ ಅರೆಂಗಾರಿಯೊ ಎಂದು ಹೆಸರು. ಇವುಗಳಲ್ಲಿ ಒಂದರೊಳಗೆ 2010ರ ಡಿಸೆಂಬರ್ 6ರಂದು ‘ಮ್ಯೂಸಿಯೊ ದೆಲ್ ನೋವೆಚೆಂತೊ’ ಎಂಬ ಕಲಾಸಂಗ್ರಹಾಲಯವು ಸಾರ್ವಜನಿಕರಿಗೆ ತೆರೆಯಿತು. ನೋವೆಚೆಂತೊ ಎಂದರೆ ಇಟಾಲಿಯನ್ ಭಾಷೆಯಲ್ಲಿ ಒಂಬೈನೂರು; ಸಾವಿರದ ಒಂಬೈನೂರರಿಂದ ಮೊದಲಾಗುವ ಶತಮಾನವನ್ನು ಆ ಭಾಷೆಯವರು ಹೀಗೆ ಸಂಕ್ಷೇಪವಾಗಿ ಕರೆಯುತ್ತಾರೆ. ಇಪ್ಪತ್ತನೆಯ ಶತಮಾನದ ಇಟಲಿಯ ಚಿತ್ರ ಮತ್ತು ಶಿಲ್ಪಗಳಿಗೆ ಮೀಸಲಾದ ಈ ಸಂಸ್ಥೆಯು ಇಟಲಿ ಸರ್ಕಾರದ್ದಲ್ಲ, ಮಿಲಾನ್ ನಗರಸಭೆಯದು. ಈ ಸಂಗ್ರಹಾಲಯದ ಚರಿತ್ರೆಯನ್ನು ಅರಿಯಲು ಇದಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿಲ್ಲ. ಒಂದು ನಗರವು ಯಾವ ಕೃತಿಯನ್ನು ಹಣ ಕೊಟ್ಟು ಕೊಂಡಿತು, ಯಾವುದನ್ನು ದಾನವಾಗಿ ಪಡೆಯಿತು, ಯಾವುದನ್ನು ಯಾರಿಗೂ ಕಾಣದಂತೆ ಉಗ್ರಾಣದಲ್ಲಿಟ್ಟಿತು ಎಂಬ ವಿವರಗಳನ್ನು ಕೂಡಿಸಿ ನೋಡಿದಾಗ, ಕಲೆಯ ಇತಿಹಾಸಕ್ಕಿಂತ ಹೆಚ್ಚಾಗಿ ನಗರದ ರಾಜಕೀಯ ಇತಿಹಾಸವೇ ಎದುರಿಗೆ ಬರುತ್ತದೆ.

ಮಿಲಾನಿನಲ್ಲಿ ಕಲಾಸಂಪತ್ತಿಗೆ ಇಬ್ಬರು ಒಡೆಯರಿದ್ದಾರೆ. ನೆಪೋಲಿಯನ್ ಕಾಲದಲ್ಲಿ ರೂಪುಗೊಂಡ ಬ್ರೆರಾ ಚಿತ್ರಶಾಲೆ ರಾಷ್ಟ್ರದ ಆಸ್ತಿ. ಸ್ಫೋರ್ತ್ಸಾ ಕೋಟೆ, ಹತ್ತೊಂಬತ್ತನೆಯ ಶತಮಾನದ ಕಲೆಗೆ ನೆಲೆಯಾದ ವಿಲ್ಲಾ ರಿಯಾಲೆ ಮೊದಲಾದವುಗಳಲ್ಲಿನ ಸಂಗ್ರಹಗಳು ನಗರದ ಆಸ್ತಿ. ಈ ವಿಭಜನೆಯ ಪರಿಣಾಮವು ಆಧುನಿಕ ಕಲೆಯ ವಿಷಯದಲ್ಲಿ ಎದ್ದು ಕಾಣುತ್ತದೆ. ಭವಿಷ್ಯವಾದಿ ಚಿತ್ರಕಾರ ಉಂಬೆರ್ತೊ ಬೊಚ್ಚೋನಿ 1910ರಲ್ಲಿ ಬರೆದ ‘ಗ್ಯಾಲರಿಯಲ್ಲಿ ಗಲಭೆ’ ಎಂಬ ಚಿತ್ರವು ಡ್ಯುಓಮೊ ಚೌಕಕ್ಕೆ ಹೊಂದಿಕೊಂಡಿರುವ ವಿತ್ತೋರಿಯೊ ಇಮ್ಯಾನುಯೆಲೆ ಗ್ಯಾಲರಿಯಲ್ಲಿನ ದೃಶ್ಯ. ಚೌಕದ ಅಂಚಿನಲ್ಲೇ ಇರುವ ನಗರ ಸಂಗ್ರಹಾಲಯದಲ್ಲಿ ಆ ಚಿತ್ರವಿಲ್ಲ; ಎಮಿಲಿಯೊ ಜೇಸಿ ದಂಪತಿಗಳ ದಾನದ ಮೂಲಕ ಅದು ಬ್ರೆರಾದ ಪಾಲಾಗಿದೆ. ಅದೇ ಕಲಾವಿದನ 1912ರ ‘ಎಲಾಸ್ತಿಚಿತಾ’, ಅಂದರೆ ‘ಸ್ಥಿತಿಸ್ಥಾಪಕತ್ವ’, ನಗರದ ಬಳಿ ಇದೆ. ಒಬ್ಬನೇ ಕಲಾವಿದನ ಎರಡು ವರ್ಷಗಳ ಅಂತರದ ಬೆಳವಣಿಗೆಯನ್ನು ಅರಿಯಬೇಕಾದವರು ಎರಡು ಆಡಳಿತಗಳ ಬಾಗಿಲು ತಟ್ಟಬೇಕು.

ಸಂಗ್ರಹಾಲಯದ ಕಟ್ಟಡಕ್ಕೆ ತನ್ನದೇ ಆದ ಚರಿತ್ರೆಯಿದೆ, ಅದು ಹಿತವಾದ ಚರಿತ್ರೆಯಲ್ಲ. ಅರೆಂಗೊ ಎಂಬುದು ಮಧ್ಯಯುಗದ ಇಟಲಿಯ ಸ್ವತಂತ್ರ ನಗರಗಳಲ್ಲಿ ಪೌರರು ಕೂಡುತ್ತಿದ್ದ ಸಭೆಯ ಹೆಸರು; ಆ ಸಭೆಯನ್ನುದ್ದೇಶಿಸಿ ಮಾತನಾಡುವ ಎತ್ತರದ ಸ್ಥಾನ ಅರೆಂಗಾರಿಯೊ. ಫ್ಯಾಸಿಸ್ಟ್ ಆಳ್ವಿಕೆಯು ಈ ಹಳೆಯ ಪದವನ್ನು ತನ್ನ ಅನುಕೂಲಕ್ಕೆ ಎತ್ತಿಕೊಂಡಿತು. ಮುಸೊಲಿನಿಯು ಚೌಕದಲ್ಲಿ ನೆರೆದ ಜನಸ್ತೋಮವನ್ನು ಉದ್ದೇಶಿಸಿ ಭಾಷಣ ಮಾಡಲು ಭವ್ಯವಾದ ವೇದಿಕೆಯೊಂದು ಬೇಕೆಂದು 1930ರ ದಶಕದಲ್ಲಿ ಯೋಜಿಸಲಾಯಿತು. ಅದಕ್ಕಾಗಿ ಪಕ್ಕದ ಅರಮನೆಯ ಉದ್ದನೆಯ ರೆಕ್ಕೆಯೊಂದನ್ನು ಕೆಡವಿ ಜಾಗ ಮಾಡಲಾಯಿತು. ಪಿಯೆರೊ ಪೊರ್ತಲುಪ್ಪಿ, ಜೊವಾನ್ನಿ ಮೂತ್ಸಿಯೊ, ಮಜಿಸ್ತ್ರೆತ್ತಿ ಹಾಗೂ ಗ್ರಿಫಿನಿ ಎಂಬ ನಾಲ್ವರು ವಾಸ್ತುಶಿಲ್ಪಿಗಳು ರೂಪಿಸಿದ ಈ ಜೋಡಿ ಕಟ್ಟಡಗಳಿಗೆ ಅರ್ತುರೊ ಮಾರ್ತಿನಿಯ ಉಬ್ಬುಶಿಲ್ಪಗಳು ಸೇರಿದವು. ಆದರೆ ಯುದ್ಧ ಬಂತು. 1943ರ ಆಗಸ್ಟ್ ತಿಂಗಳ ಬಾಂಬು ದಾಳಿಗಳಲ್ಲಿ ನಗರದ ಮಧ್ಯಭಾಗವು ಹಾಳಾಯಿತು. ನೆರೆಯ ಅರಮನೆಯ ಸ್ತ್ರೀಸ್ತಂಭಗಳ ಸಭಾಂಗಣವು ಛಾವಣಿ ಕಳೆದುಕೊಂಡಿತು. ಅರೆಂಗಾರಿಯೊ ಕಟ್ಟಡಗಳ ಕೆಲಸ ಮುಗಿದದ್ದು 1956ರಲ್ಲಿ. ಅಷ್ಟರಲ್ಲಿ ಆ ವೇದಿಕೆಯನ್ನೇರಬೇಕಾಗಿದ್ದವನು ಸತ್ತು ಹನ್ನೊಂದು ವರ್ಷಗಳಾಗಿದ್ದವು. ಮುಂದಿನ ದಶಕಗಳಲ್ಲಿ ಅವು ಮುಖ್ಯವಾಗಿ ಕಚೇರಿಗಳಿಗೆ ಬಳಕೆಯಾದವು. ಸರ್ವಾಧಿಕಾರಿಯ ವೇದಿಕೆಯಲ್ಲಿ ಗುಮಾಸ್ತರ ಮೇಜುಗಳು ಬಂದು ಕುಳಿತದ್ದು ಚರಿತ್ರೆಯ ವ್ಯಂಗ್ಯಗಳಲ್ಲಿ ಒಂದು.

ನಗರಸಭೆಯ ಸಂಗ್ರಹದಲ್ಲಿ ಈ ಕಟ್ಟಡದ ನೇರ ಪ್ರತಿವಾದದಂತಿರುವ ಒಂದು ಕೃತಿಯಿದೆ. ಜುಸೆಪ್ಪೆ ಪೆಲ್ಲಿತ್ಸಾ ದ ವೋಲ್ಪೆದೊ (1868–1907) ಬರೆದ ‘ಇಲ್ ಕ್ವಾರ್ತೊ ಸ್ತಾತೊ’ ಎಂಬ ಆ ಚಿತ್ರದ ಹೆಸರನ್ನು ‘ನಾಲ್ಕನೆಯ ವರ್ಗ’ ಎಂದು ಕನ್ನಡಿಸಬಹುದು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಪಾದ್ರಿಗಳು, ಕುಲೀನರು ಇವರ ನಂತರದ ಮೂರನೆಯ ವರ್ಗವು ತನ್ನ ಹಕ್ಕನ್ನು ಕೇಳಿತು. ಇನ್ನು ಕೇಳುವ ಸರದಿ ದುಡಿಯುವವರದು ಎಂಬುದು ಈ ಹೆಸರಿನ ಧ್ವನಿ. ಸುಮಾರು 293 ಸೆಂಟಿಮೀಟರ್ ಎತ್ತರ, 545 ಸೆಂಟಿಮೀಟರ್ ಅಗಲದ ಬಟ್ಟೆಯ ಮೇಲೆ ರೈತರೂ ಕೂಲಿಗಳೂ ಒಂದು ದೊಡ್ಡ ಗುಂಪಾಗಿ ನೋಡುಗನ ಕಡೆಗೆ ನಡೆದು ಬರುತ್ತಿದ್ದಾರೆ. ಅವರ ಬೆನ್ನ ಹಿಂದೆ ಕತ್ತಲು, ಮುಂದೆ ಬೆಳಕು. ಮುಂದಾಳುಗಳಾಗಿ ಇಬ್ಬರು ಗಂಡಸರು, ಅವರ ಬದಿಯಲ್ಲಿ ಕೂಸನ್ನೆತ್ತಿಕೊಂಡ ಬರಿಗಾಲಿನ ಹೆಂಗಸೊಬ್ಬಳು. ಯಾರ ಕೈಯಲ್ಲೂ ಆಯುಧವಿಲ್ಲ, ಯಾರೂ ಕೂಗುತ್ತಿಲ್ಲ. ಕಲಾವಿದನು ತನ್ನ ಹುಟ್ಟೂರಾದ ವೋಲ್ಪೆದೊದ ಜನರನ್ನೇ ಮಾದರಿಗಳಾಗಿ ನಿಲ್ಲಿಸಿದನು. ಹೆಂಗಸಿಗೆ ಮಾದರಿಯಾದವಳು ಅವನ ಹೆಂಡತಿ ತೆರೇಸಾ. ಬಣ್ಣಗಳನ್ನು ಹಲಗೆಯ ಮೇಲೆ ಬೆರೆಸದೆ, ಸಣ್ಣ ಸಣ್ಣ ಗೆರೆ ಮತ್ತು ಚುಕ್ಕೆಗಳಾಗಿ ಒಂದರ ಪಕ್ಕ ಒಂದನ್ನಿಟ್ಟು, ಬೆರೆಸುವ ಕೆಲಸವನ್ನು ನೋಡುಗನ ಕಣ್ಣಿಗೇ ಬಿಡುವ ವಿಭಜನವಾದಿ ಪದ್ಧತಿಯನ್ನು ಅವನು ಇಲ್ಲಿ ಅನುಸರಿಸಿದ್ದಾನೆ. ಇದೇ ವಸ್ತುವನ್ನು ಹಿಂದಿನ ಕೆಲವು ರೂಪಗಳಲ್ಲಿ ಪ್ರಯತ್ನಿಸಿ, ತೃಪ್ತಿಯಾಗದೆ, 1898ರಿಂದ 1901ರವರೆಗೆ ಅವನು ಈ ಕೊನೆಯ ರೂಪದ ಮೇಲೆ ದುಡಿದನು. 1898ರ ಮೇ ತಿಂಗಳಲ್ಲಿಯೇ ಮಿಲಾನಿನಲ್ಲಿ ರೊಟ್ಟಿಯ ಬೆಲೆಯೇರಿಕೆಯ ವಿರುದ್ಧ ಬೀದಿಗಿಳಿದ ಜನರ ಮೇಲೆ ಜನರಲ್ ಬಾವಾ ಬೆಕ್ಕಾರಿಸನ ಸೈನ್ಯವು ಫಿರಂಗಿ ಹಾರಿಸಿತ್ತೆಂಬುದನ್ನು ನೆನೆದರೆ, ಈ ಗುಂಪಿನ ಶಾಂತ ನಡಿಗೆಯ ಹಿಂದಿನ ಒತ್ತಡ ಅರ್ಥವಾಗುತ್ತದೆ.

1902ರಲ್ಲಿ ಟ್ಯೂರಿನ್ ನಗರದ ಪ್ರದರ್ಶನದಲ್ಲಿ ಚಿತ್ರವು ಕಾಣಿಸಿಕೊಂಡಿತು. ಬಹುಮಾನ ಬರಲಿಲ್ಲ, ಕೊಳ್ಳುವವರೂ ಸಿಗಲಿಲ್ಲ. 1907ರಲ್ಲಿ ತೆರೇಸಾ ತೀರಿಕೊಂಡಳು. ಅದೇ ವರ್ಷದ ಜೂನ್ ತಿಂಗಳಲ್ಲಿ ಪೆಲ್ಲಿತ್ಸಾ ನೇಣು ಹಾಕಿಕೊಂಡನು. ಸಮಾಜವಾದಿ ಪತ್ರಿಕೆಗಳಲ್ಲಿ ಅಚ್ಚಾದ ಪ್ರತಿಗಳ ಮೂಲಕ ಚಿತ್ರವು ದುಡಿಯುವ ವರ್ಗದ ಮನೆಮನೆಗೆ ಪರಿಚಿತವಾಗುತ್ತಿದ್ದರೂ ಮೂಲಕೃತಿಗೆ ಸಾರ್ವಜನಿಕ ನೆಲೆಯಿರಲಿಲ್ಲ. 1920ರಲ್ಲಿ ಮಿಲಾನಿನ ಪೇಸರೊ ಕಲಾಮಳಿಗೆಯಲ್ಲಿ ಪೆಲ್ಲಿತ್ಸಾನ ಕೃತಿಗಳ ಪ್ರದರ್ಶನ ನಡೆದಾಗ ಅದನ್ನು ನಗರಕ್ಕೆ ಕೊಳ್ಳಬೇಕೆಂಬ ಮಾತು ಎದ್ದಿತು. ಆಗ ನಗರಸಭೆಯು ಸಮಾಜವಾದಿಗಳ ಕೈಯಲ್ಲಿತ್ತು. ಸಾರ್ವಜನಿಕ ವಂತಿಗೆ ಎತ್ತಿ ಚಿತ್ರವನ್ನು ಕೊಂಡು ನಗರದ ಸಂಗ್ರಹಕ್ಕೆ ಸೇರಿಸಲಾಯಿತು. ವಂತಿಗೆಯೆಂಬ ಈ ವಿವರವನ್ನು ಕಲಾಚರಿತ್ರೆಗಳು ಒಂದು ವಾಕ್ಯದಲ್ಲಿ ದಾಟಿ ಹೋಗುತ್ತವೆ. ವಾಸ್ತವದಲ್ಲಿ ಇಡೀ ಪ್ರಕರಣದ ತಿರುಳು ಅಲ್ಲಿಯೇ ಇದೆ: ದುಡಿಯುವವರ ಮೆರವಣಿಗೆಯ ಚಿತ್ರವೊಂದು ದೊರೆಯ ಅಥವಾ ಧನಿಕನ ಕೃಪೆಯಿಂದಲ್ಲದೆ ಪೌರರ ಹಣದಿಂದ ಪೌರರ ಆಸ್ತಿಯಾಯಿತು.

ಮುಂದಿನ ಕಥೆ ಅಷ್ಟು ನೇರವಾಗಿಲ್ಲ. ಸ್ಫೋರ್ತ್ಸಾ ಕೋಟೆಯ ದೊಡ್ಡ ಸಭಾಂಗಣದಲ್ಲಿ ಚಿತ್ರವನ್ನು ತೂಗುಹಾಕಲಾಯಿತು. 1922ರಲ್ಲಿ ಫ್ಯಾಸಿಸ್ಟರು ಅಧಿಕಾರಕ್ಕೆ ಬಂದರು. ಅವರ ಆಳ್ವಿಕೆ ಬಲಿತಂತೆ ಚಿತ್ರವು ಗೋಡೆಯಿಂದಿಳಿದು ಉಗ್ರಾಣ ಸೇರಿತು. ಅದನ್ನು ಸುಡಲಿಲ್ಲ, ಮಾರಲಿಲ್ಲ, ಕಾಣದಂತೆ ಮಾಡಿದ್ದಷ್ಟೇ. ಸಂಗ್ರಹಾಲಯವೊಂದರ ಕೈಯಲ್ಲಿ ಮರೆಸುವ ಶಕ್ತಿಯೂ ಇರುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಯುದ್ಧಾನಂತರ, 1950ರ ದಶಕದಲ್ಲಿ, ಚಿತ್ರವು ನಗರಸಭೆಯ ಕೇಂದ್ರ ಕಟ್ಟಡವಾದ ಮರೀನೊ ಅರಮನೆಯ ಸಭೆಯ ಕೋಣೆಗೆ ಬಂದಿತು. ಗೌರವದ ಸ್ಥಾನವೇನೋ ಹೌದು. ಆದರೆ ವಂತಿಗೆ ಕೊಟ್ಟವರ ಮಕ್ಕಳಿಗೆ ಆ ಕೋಣೆಯೊಳಗೆ ಸಲೀಸಾದ ಪ್ರವೇಶವಿರಲಿಲ್ಲ. 1970ರ ದಶಕದಲ್ಲಿ ಬೆರ್ನಾರ್ದೊ ಬೆರ್ತೊಲುಚ್ಚಿ ತನ್ನ ‘ನೋವೆಚೆಂತೊ’ ಚಲನಚಿತ್ರದ (1976) ಆರಂಭದ ಶೀರ್ಷಿಕೆಗಳ ಹಿನ್ನೆಲೆಯಾಗಿ ಈ ಚಿತ್ರವನ್ನು ಬಳಸಿದ್ದು ಅದರ ಖ್ಯಾತಿಯನ್ನು ಹೊಸ ತಲೆಮಾರಿಗೆ ಮುಟ್ಟಿಸಿತು. ಅದೇ ದಶಕದಲ್ಲಿ ಚಿತ್ರವನ್ನು ಶುಚಿಗೊಳಿಸಿ ದುರಸ್ತಿ ಮಾಡಲಾಯಿತು. ಬಳಿಕ ಅದು ವಿಲ್ಲಾ ರಿಯಾಲೆಯ ಆಧುನಿಕ ಕಲಾಶಾಲೆಗೆ ಸೇರಿತು.

ಪೇಸರೊ ಕಲಾಮಳಿಗೆಯ ಹೆಸರು ಇನ್ನೊಂದು ಪ್ರಸಂಗದಲ್ಲಿಯೂ ಬರುತ್ತದೆ. ಪೆಲ್ಲಿತ್ಸಾನ ಪ್ರದರ್ಶನ ನಡೆದ ಮೂರು ವರ್ಷಗಳ ನಂತರ, 1923ರಲ್ಲಿ, ಅದೇ ಗೋಡೆಗಳ ನಡುವೆ ಏಳು ಮಂದಿ ಚಿತ್ರಕಾರರ ಗುಂಪೊಂದು ತನ್ನ ಕೃತಿಗಳನ್ನು ಪ್ರದರ್ಶಿಸಿತು. ಆ ಸಂದರ್ಭದಲ್ಲಿ ಭಾಷಣ ಮಾಡಿದವನು ಪ್ರಧಾನಿ ಮುಸೊಲಿನಿ. ಗುಂಪು ತನಗಿಟ್ಟುಕೊಂಡ ಹೆಸರು ‘ನೋವೆಚೆಂತೊ’. ಕಲಾವಿಮರ್ಶಕಿ ಮಾರ್ಗೆರಿತಾ ಸರ್ಫಾತ್ತಿ ಇದರ ಸೂತ್ರಧಾರಿಣಿ. ಮಾರಿಯೊ ಸಿರೋನಿ, ಅಕಿಲ್ಲೆ ಫೂನಿ ಮೊದಲಾದವರು ಇದರ ಸದಸ್ಯರು. ಹದಿನೈದನೆಯ ಶತಮಾನದ ಇಟಲಿಯ ಘನವಾದ, ಅಚಲವಾದ ರೂಪಗಳಿಗೆ ಮರಳಬೇಕೆಂಬುದು ಈ ಗುಂಪಿನ ಆಶಯವಾಗಿತ್ತು. 1926ರಲ್ಲಿ ಇದರ ದೊಡ್ಡ ಪ್ರದರ್ಶನವನ್ನೂ ಮುಸೊಲಿನಿಯೇ ಉದ್ಘಾಟಿಸಿದನು. ಸರ್ಫಾತ್ತಿ ಯಹೂದಿ ಮನೆತನದವಳು. ತಾನು ಪೋಷಿಸಿದ ಆಳ್ವಿಕೆಯೇ 1938ರಲ್ಲಿ ಜನಾಂಗೀಯ ಕಾನೂನುಗಳನ್ನು ತಂದಾಗ ಅವಳು ದೇಶ ಬಿಡಬೇಕಾಯಿತು. ಸಂಗ್ರಹಾಲಯದ ಹೆಸರು ಶತಮಾನವನ್ನು ಸೂಚಿಸುತ್ತದೆಯೇ ಹೊರತು ಈ ಪಂಥವನ್ನಲ್ಲ. ಆದರೂ ಒಂದೇ ಶಬ್ದವು ಶತಮಾನಕ್ಕೂ, ಪಂಥಕ್ಕೂ, ಬೆರ್ತೊಲುಚ್ಚಿಯ ಚಿತ್ರಕ್ಕೂ ಸಲ್ಲುವಾಗ ಅಧ್ಯಯನಕಾರರು ಎಚ್ಚರ ವಹಿಸಬೇಕಾಗುತ್ತದೆ. ಸಿರೋನಿಯ ಕಪ್ಪು ಕಂದು ಬಣ್ಣದ ನಗರದೃಶ್ಯಗಳು ಆ ಕಾಲದ ಅತ್ಯುತ್ತಮ ಚಿತ್ರಗಳ ಸಾಲಿಗೆ ಸೇರುತ್ತವೆ; ಅವನು ಕೊನೆಯವರೆಗೂ ಆಳ್ವಿಕೆಯ ಪರವಾಗಿದ್ದನೆಂಬುದೂ ಅಷ್ಟೇ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಎರಡೂ ಸುಳ್ಳಾಗುತ್ತವೆ.

ಭವಿಷ್ಯವಾದದ ವಿಷಯವೂ ಹೀಗೆಯೇ ತೊಡಕಿನದು. 1909ರ ಫೆಬ್ರವರಿ 20ರಂದು ಪ್ಯಾರಿಸಿನ ‘ಲ ಫಿಗಾರೊ’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಣಾಳಿಕೆಯಲ್ಲಿ, ಮಿಲಾನ್ ನಿವಾಸಿಯಾದ ಕವಿ ಮರಿನೆತ್ತಿಯು ವಸ್ತುಸಂಗ್ರಹಾಲಯಗಳನ್ನೂ ಗ್ರಂಥಾಲಯಗಳನ್ನೂ ನಾಶಮಾಡಬೇಕೆಂದು ಸಾರಿದನು. ಮರುವರ್ಷ ಬೊಚ್ಚೋನಿ, ಕರ್ರಾ, ರುಸ್ಸೊಲೊ, ಬಲ್ಲಾ, ಸೆವೆರಿನಿ ಎಂಬ ಐವರು ಚಿತ್ರಕಾರರ ಪ್ರಣಾಳಿಕೆ ಹೊರಬಂತು. ನೂರು ವರ್ಷಗಳ ಬಳಿಕ ಮಿಲಾನಿನ ಹೊಸ ಸಂಗ್ರಹಾಲಯದ ಅತ್ಯಮೂಲ್ಯ ಭಾಗವೆಂದರೆ ಇವರ ಕೃತಿಗಳೇ! ಬೊಚ್ಚೋನಿಯ ‘ಅವಕಾಶದಲ್ಲಿ ನಿರಂತರತೆಯ ಅನನ್ಯ ರೂಪಗಳು’ (1913) ಎಂಬ ನಡೆಯುವ ಮನುಷ್ಯನ ಶಿಲ್ಪವು ಇಟಲಿಯ 20 ಸೆಂಟ್ ಯೂರೊ ನಾಣ್ಯದ ಮೇಲೆಯೂ ಮುದ್ರಿತವಾಗಿದೆ. ಕಲಾವಿದನು ಅದನ್ನು ಗಾರೆಯಲ್ಲಿ ಮಾತ್ರ ರೂಪಿಸಿದ್ದನು. 1916ರಲ್ಲಿ ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು ಅವನು ತೀರಿಕೊಂಡನು. ಕಂಚಿನ ಎರಕಗಳೆಲ್ಲ ಆಮೇಲಿನವು. ಮಿಲಾನಿನ ಎರಕವು 1931ರದು. ಗಾರೆಯ ಮೂಲವು ಮರಿನೆತ್ತಿಯ ವಿಧವೆಯಿಂದ ಬ್ರೆಜಿಲ್ಲಿನ ಸಂಗ್ರಾಹಕನೊಬ್ಬನಿಗೆ ಮಾರಾಟವಾಗಿ, ಈಗ ಸಾವೊ ಪಾಲೊ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿದೆ. ಮರಿನೆತ್ತಿಯಾದರೋ 1919ರಲ್ಲಿ ಫ್ಯಾಸಿಸ್ಟ್ ಚಳವಳಿಯ ಆರಂಭದಲ್ಲಿಯೇ ಅದರೊಡನೆ ಸೇರಿ, 1929ರಲ್ಲಿ ಇಟಲಿಯ ರಾಜ್ಯ ಅಕಾಡೆಮಿಯ ಸದಸ್ಯನಾದನು. ಸಂಗ್ರಹಾಲಯಗಳನ್ನು ಕೆಡವಲು ಹೊರಟವನು ಅಕಾಡೆಮಿಯ ಸಮವಸ್ತ್ರ ತೊಡಲು ಇಪ್ಪತ್ತು ವರ್ಷ ಸಾಕಾಯಿತು.

ಇದಕ್ಕೆ ವಿರುದ್ಧವಾದ ಧ್ವನಿಯೂ ಮಿಲಾನಿನಲ್ಲಿತ್ತು. 1938ರಲ್ಲಿ ಎರ್ನೆಸ್ತೊ ತ್ರೆಕ್ಕಾನಿ ಎಂಬ ತರುಣನು ಆರಂಭಿಸಿದ ಪತ್ರಿಕೆಯ ಸುತ್ತ ‘ಕೊರ್ರೆಂತೆ’ ಎಂಬ ಗುಂಪು ಬೆಳೆಯಿತು. ಬಿರೋಲ್ಲಿ, ಗುತ್ತೂಸೊ ಮೊದಲಾದವರು ಅದರಲ್ಲಿದ್ದರು. 1940ರ ಜೂನ್‌ನಲ್ಲಿ ಇಟಲಿಯು ಯುದ್ಧಕ್ಕಿಳಿದ ಹೊತ್ತಿಗೆ ಸರ್ಕಾರವು ಆ ಪತ್ರಿಕೆಯನ್ನು ನಿಲ್ಲಿಸಿತು.

ಸಂಗ್ರಹವು ಬೆಳೆದ ಬಗೆಯನ್ನು ನೋಡಿದರೆ, ನಗರಸಭೆಯ ದೂರದೃಷ್ಟಿಗಿಂತ ಕೆಲವು ಪೌರರ ಉದಾರತೆಯೇ ಹೆಚ್ಚು ಕೆಲಸ ಮಾಡಿರುವುದು ಕಂಡುಬರುತ್ತದೆ. ಅಂತೋನಿಯೊ ಬೊಸ್ಕಿ (1896–1988) ಪಿರೆಲ್ಲಿ ಕಾರ್ಖಾನೆಯ ಎಂಜಿನಿಯರ್. ಅವನ ಹೆಂಡತಿ ಮರಿಯೆದಾ ದಿ ಸ್ತೆಫಾನೊ (1901–1968) ಕುಂಭಕಲೆಯನ್ನು ಕಲಿತು ಕಲಿಸುತ್ತಿದ್ದವಳು. 1927ರಲ್ಲಿ ಮದುವೆಯಾದ ಈ ದಂಪತಿಗಳು ಸಂಬಳದ ಹಣದಲ್ಲಿ ಸಮಕಾಲೀನ ಕಲಾವಿದರ ಕೃತಿಗಳನ್ನು ಕೊಳ್ಳುತ್ತಾ ಹೋದರು. ಮನೆಯ ಗೋಡೆಗಳು ನೆಲದಿಂದ ಛಾವಣಿಯವರೆಗೆ ತುಂಬಿದವು. ಆ ಮನೆಯಿದ್ದ ಕಟ್ಟಡವನ್ನು ರೂಪಿಸಿದವನು ಅರೆಂಗಾರಿಯೊ ಕಟ್ಟಿದ ಪೊರ್ತಲುಪ್ಪಿಯೇ ಎಂಬುದು ಆಕಸ್ಮಿಕವಾದರೂ ಕುತೂಹಲಕರ. ಹೆಂಡತಿ ತೀರಿಕೊಂಡ ಮೇಲೆ, 1974ರಲ್ಲಿ, ಬೊಸ್ಕಿಯು ಸುಮಾರು ಎರಡು ಸಾವಿರ ಕೃತಿಗಳನ್ನು ನಗರಕ್ಕೆ ದಾನಮಾಡಿದನು. ರಿಕ್ಕಾರ್ದೊ ಯುಕ್ಕರ್‌ನ ಸಂಗ್ರಹವನ್ನು 1992ರಲ್ಲಿ ನಗರಸಭೆಯು ಹಣ ಕೊಟ್ಟು ಕೊಂಡಿತು. ಮೇಲೆ ಹೇಳಿದ ‘ಎಲಾಸ್ತಿಚಿತಾ’ ಬಂದದ್ದು ಹೀಗೆ.

ಆದರೆ ಬಂದದ್ದನ್ನು ಇಡಲು ಸ್ಥಳವಿರಲಿಲ್ಲ. 1984ರಲ್ಲಿ ಅರಮನೆಯ ಮಹಡಿಯಲ್ಲಿ ನಗರದ ಸಮಕಾಲೀನ ಕಲಾಸಂಗ್ರಹಾಲಯವೊಂದನ್ನು ತೆರೆಯಲಾಯಿತು. ಆ ದಶಕಾಂತರದಲ್ಲಿಯೇ, 1990ರ ದಶಕದ ಕೊನೆಗೆ, ಅದು ಮುಚ್ಚಿತು. ಮುಂದಿನ ಹತ್ತಕ್ಕೂ ಹೆಚ್ಚು ವರ್ಷ, ಇಟಲಿಯ ಆಧುನಿಕ ಕಲೆಯ ತವರೆಂದು ಹೇಳಿಕೊಳ್ಳುವ ನಗರದಲ್ಲಿ ಆ ಕಲೆಯನ್ನು ಕ್ರಮಬದ್ಧವಾಗಿ ನೋಡಲು ಒಂದು ಶಾಶ್ವತ ನೆಲೆಯಿರಲಿಲ್ಲ. ಬೊಸ್ಕಿ ದಂಪತಿಗಳ ಮನೆಯು 2003ರಲ್ಲಿ ಸಂಗ್ರಹಾಲಯವಾಗಿ ತೆರೆದು ಸುಮಾರು ಮುನ್ನೂರು ಕೃತಿಗಳಿಗೆ ಆಶ್ರಯ ಕೊಟ್ಟಿತು. ಉಳಿದ ದಾನಕ್ಕೆ ಯೋಗ್ಯವಾದ ಜಾಗ ದೊರೆಯಲು ಒಟ್ಟು ಮೂವತ್ತಾರು ವರ್ಷಗಳಾದವು. ದಾನಿಯು ಅದನ್ನು ನೋಡಲು ಬದುಕಿರಲಿಲ್ಲ.

ಈ ಹಿನ್ನೆಲೆಯಲ್ಲಿ 2010ರ ಘಟನೆಯ ಮಹತ್ವವನ್ನು ಅಳೆಯಬೇಕಾಗುತ್ತದೆ. ವಾಸ್ತುಶಿಲ್ಪಿಗಳಾದ ಇತಾಲೊ ರೋತಾ ಮತ್ತು ಫಾಬಿಯೊ ಫೊರ್ನಸಾರಿ ಅರೆಂಗಾರಿಯೊದ ಹೊರಮೈಯನ್ನು ಹಾಗೆಯೇ ಉಳಿಸಿ, ಒಳಗೆ ಮೆಟ್ರೊ ನಿಲ್ದಾಣದ ಮಟ್ಟದಿಂದ ಮೇಲಿನವರೆಗೆ ಸುರುಳಿಯಾಕಾರದ ಇಳಿಜಾರು ದಾರಿಯೊಂದನ್ನು ಎಬ್ಬಿಸಿದರು. ನಗರದ ಬಳಿಯಿದ್ದ ಸುಮಾರು ನಾಲ್ಕು ಸಾವಿರ ಕೃತಿಗಳಲ್ಲಿ ಸುಮಾರು ನಾನೂರನ್ನು ಆಯ್ದು ಕಾಲಕ್ರಮದಲ್ಲಿ ಜೋಡಿಸಲಾಯಿತು. ಆರಂಭದಲ್ಲಿ ಯುಕ್ಕರ್ ಸಂಗ್ರಹದ ಪಿಕಾಸೊ, ಬ್ರಾಕ್, ಕಾಂಡಿನ್ಸ್ಕಿ ಮುಂತಾದ ಹೊರನಾಡಿನವರ ಕೃತಿಗಳನ್ನಿಟ್ಟದ್ದು ಸರಿಯಾದ ನಿರ್ಧಾರ. ಪ್ಯಾರಿಸಿನ ಹಿನ್ನೆಲೆಯಿಲ್ಲದೆ ಬೊಚ್ಚೋನಿ ಅರ್ಥವಾಗುವುದಿಲ್ಲ. ಮೇಲಿನ ಅಂತಸ್ತಿನಲ್ಲಿ ಲೂಚೊ ಫೊಂತಾನಾ (1899–1968) ಇದ್ದಾನೆ. ಅರ್ಜೆಂಟೀನಾದಲ್ಲಿ ಹುಟ್ಟಿ ಮಿಲಾನಿನಲ್ಲಿ ಬೆಳೆದ ಈ ಕಲಾವಿದನು 1936ರ ತ್ರಿಯೆನ್ನಾಲೆ ಪ್ರದರ್ಶನದ ವಿಜಯ ಸಭಾಂಗಣಕ್ಕೆ ಶಿಲ್ಪ ಮಾಡಿದವನು. 1951ರ ತ್ರಿಯೆನ್ನಾಲೆಗಾಗಿ ನಿಯಾನ್ ಕೊಳವೆಯನ್ನು ಗಾಳಿಯಲ್ಲಿ ಬರೆದ ಗೀಚಿನಂತೆ ತಿರುಚಿ ತೂಗುಹಾಕಿದವನೂ ಅವನೇ. ಎಲ್ಬಾ ದ್ವೀಪದ ಹೋಟೆಲೊಂದಕ್ಕೆ 1956ರಲ್ಲಿ ಅವನು ಮಾಡಿದ ಛಾವಣಿಯನ್ನು ಬಿಡಿಸಿ ತಂದು ಇಲ್ಲಿ ಕೂರಿಸಲಾಗಿದೆ. ಅದೇ ನಿಯಾನ್ ವಿನ್ಯಾಸವು ಎತ್ತರದ ಗಾಜಿನ ಹಿಂದೆ ರಾತ್ರಿಯ ಹೊತ್ತು ಡ್ಯುಓಮೊ ಚೌಕಕ್ಕೆಲ್ಲ ಕಾಣುತ್ತದೆ. ಭಾಷಣದ ವೇದಿಕೆಯಿಂದ ಜನರತ್ತ ಕೊನೆಗೂ ಹೊರಟದ್ದು ಇಂಥ ಮಾತಿಲ್ಲದ ಬೆಳಕು.

‘ನಾಲ್ಕನೆಯ ವರ್ಗ’ವನ್ನು ವಿಲ್ಲಾ ರಿಯಾಲೆಯಿಂದ ತಂದು ಸುರುಳಿ ದಾರಿಯ ಬದಿಯಲ್ಲಿ, ಟಿಕೆಟ್ ಕೇಳುವ ಬಾಗಿಲಿಗಿಂತ ಮುಂಚೆಯೇ ಇರಿಸಲಾಗಿತ್ತು. ದಾರಿಹೋಕನಾದ ಯಾರೇ ಆಗಲಿ ಕಾಸು ಕೊಡದೆ ಅದರ ಮುಂದೆ ನಿಲ್ಲಬಹುದಾಗಿತ್ತು. 1920ರ ವಂತಿಗೆಯ ಆಶಯವನ್ನು ಇಷ್ಟು ನಿಷ್ಠೆಯಿಂದ ಈಡೇರಿಸಿದ ಏರ್ಪಾಡು ಅದರ ಶತಮಾನದ ಬದುಕಿನಲ್ಲಿ ಬೇರೊಂದಿಲ್ಲ. ಜೊತೆಗೆ, ಮುಸೊಲಿನಿಗಾಗಿ ಕಟ್ಟಿದ ಗೋಡೆಗಳೊಳಗೆ, ಅವನ ಆಳ್ವಿಕೆಯು ಬಚ್ಚಿಟ್ಟ ಚಿತ್ರವೇ ಮೊದಲು ಕಣ್ಣಿಗೆ ಬೀಳುತ್ತಿತ್ತು. 2022ರಲ್ಲಿ ಚಿತ್ರವು ಕಾರ್ಮಿಕ ದಿನದ ಸಂದರ್ಭಕ್ಕೆ ಫ್ಲಾರೆನ್ಸ್ ನಗರಕ್ಕೆ ಎರವಲಾಗಿ ಹೋಯಿತು. ಜುಲೈ ತಿಂಗಳಲ್ಲಿ ಮರಳಿದಾಗ ಅದನ್ನು ಅರೆಂಗಾರಿಯೊಗೆ ತರದೆ ವಿಲ್ಲಾ ರಿಯಾಲೆಯಲ್ಲಿಯೇ ಇರಿಸಲಾಯಿತು. ಕಲಾಚರಿತ್ರೆಯ ದೃಷ್ಟಿಯಿಂದ ಇದಕ್ಕೆ ಸಮರ್ಥನೆಯಿದೆ: ಪೆಲ್ಲಿತ್ಸಾ ಹತ್ತೊಂಬತ್ತನೆಯ ಶತಮಾನದ ಮನುಷ್ಯ, ಅವನ ಸಮಕಾಲೀನರಾದ ವಿಭಜನವಾದಿಗಳ ಕೃತಿಗಳಿರುವುದು ಅಲ್ಲಿ, ಇಳಿಜಾರು ದಾರಿಯ ಇಕ್ಕಟ್ಟಿನಲ್ಲಿ ಅಷ್ಟು ದೊಡ್ಡ ಚಿತ್ರವನ್ನು ದೂರ ನಿಂತು ನೋಡುವುದೂ ಕಷ್ಟವಾಗಿತ್ತು. ಆದರೆ ಶೈಲಿಯ ವರ್ಗೀಕರಣಕ್ಕೆ ನ್ಯಾಯ ಸಲ್ಲಿಸುವ ಭರದಲ್ಲಿ ನಗರವು ತನ್ನದೇ ಚರಿತ್ರೆಯ ಅತ್ಯಂತ ಸ್ಪಷ್ಟವಾದ ವಾಕ್ಯವೊಂದನ್ನು ಅಳಿಸಿಹಾಕಿತೆಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಸಂಗ್ರಹವು ಬೆಳೆಯುವುದನ್ನು ನಿಲ್ಲಿಸಿಲ್ಲ. ಎರಡನೆಯ ಅರೆಂಗಾರಿಯೊ ಕಟ್ಟಡವನ್ನೂ ಸಂಗ್ರಹಾಲಯಕ್ಕೆ ಸೇರಿಸಲು 2021ರಲ್ಲಿ ವಿನ್ಯಾಸ ಸ್ಪರ್ಧೆ ನಡೆಯಿತು. ಎರಡನ್ನೂ ಕೂಡಿಸುವ ತೂಗುಸೇತುವೆಯಂಥ ಮೇಲ್ದಾರಿಯ ಪ್ರಸ್ತಾಪವು ಚೌಕದ ನೋಟವನ್ನು ಕೆಡಿಸುತ್ತದೆಂದು ವಿವಾದಕ್ಕೊಳಗಾಯಿತು. 2022ರಲ್ಲಿ ಜಾನ್ನಿ ಮತ್ತಿಯೋಲಿಯ ಸಂಗ್ರಹದ 26 ಕೃತಿಗಳು ಐದು ವರ್ಷಗಳ ಅವಧಿಗೆ ಎರವಲಾಗಿ ಬಂದವು. ಬೊಚ್ಚೋನಿಯು ತನ್ನ ತಾಯಿಯನ್ನು ಚಿತ್ರಿಸಿದ 1912ರ ‘ಮತೇರಿಯಾ’ ಅವುಗಳಲ್ಲೊಂದು. ಹೀಗೆ ಅದೇ ವರ್ಷದ ‘ಎಲಾಸ್ತಿಚಿತಾ’ದೊಡನೆ ಒಂದೇ ಸೂರಿನಡಿ ಅದನ್ನು ನೋಡುವ ಅವಕಾಶ ಒದಗಿತು. 2024ರ ಡಿಸೆಂಬರ್‌ನಲ್ಲಿ ರಾಷ್ಟ್ರದ ಪಾಲಿನ ಜೇಸಿ ಸಂಗ್ರಹಕ್ಕೆ ಬ್ರೆರಾದ ನೆರೆಯ ಚಿತ್ತೇರಿಯೊ ಅರಮನೆಯಲ್ಲಿ ಪ್ರತ್ಯೇಕ ನೆಲೆ ತೆರೆಯಿತು. ‘ಗ್ಯಾಲರಿಯಲ್ಲಿ ಗಲಭೆ’ಯ ಒಡೆತನ ಮಾತ್ರ ಇಂದಿಗೂ ನಗರದ್ದಲ್ಲ, ರಾಷ್ಟ್ರದ್ದು.